ಅಕ್ಕನ ಬಳೆ ಬಿಗಿಯಾದಾಗ

ಅಕ್ಕನ ಬಲಗೈಯ ಬಳೆ ಬಿಗಿಯಾಗಿದೆ ಎಂಬ ಸಂಗತಿ ನನಗೆ ತಿಳಿದದ್ದು ಬೇರೇನೋ ಮಾತಿನ ನಡುವೆ. 2022ರ ಅಕ್ಟೋಬರ್ ತಿಂಗಳು. ಮಳೆ ಹೋಯಿತೆಂದರೆ ಹೋಗಿತ್ತು, ಇಲ್ಲವೆಂದರೆ ಇತ್ತು. ನಾನು ಮೂಡುಬಿದಿರೆಯ ಮನೆಯ ಜಗಲಿಯಲ್ಲಿ ಕುಳಿತು ಫೋನು ಮಾಡಿದ್ದೆ. ಅಕ್ಕ ಬೆಳ್ತಂಗಡಿ ತಾಲೂಕಿನ ತನ್ನ ತೋಟದ ಮನೆಯಲ್ಲಿದ್ದಳು. ಕೊಳೆರೋಗಕ್ಕೆ ಎಷ್ಟು ಅಡಿಕೆ ಉದುರಿತು, ಕಪ್ಪು ದನ ಕರು ಹಾಕಿತೇ, ಭಾವನ ಮಂಡಿನೋವು ಹೇಗುಂಟು ಎಂಬುದೆಲ್ಲ ಮುಗಿದ ಮೇಲೆ ಅವಳು, "ಎಂತದ್ದೋ ಮಾರಾಯ, ನಾಲ್ಕು ದಿನದಿಂದ ಬಲಗೈಯ ಬಳೆ ತಿರುಗುವುದಿಲ್ಲ. ಸೋಪು ಹಚ್ಚಿದರೂ ಬರುವುದಿಲ್ಲ" ಎಂದಳು.

"ನೀರು ತುಂಬಿರಬಹುದು. ನಾಳೆ ಡಯಾಲಿಸಿಸ್ ಉಂಟಲ್ಲ, ಇಳಿಯುತ್ತದೆ ಬಿಡು" ಎಂದೆ ನಾನು.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಮಾತು ಅದು. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಮೈಯಲ್ಲಿ ನೀರು ತುಂಬುವುದಾದರೆ ಎರಡು ಕೈಗೂ ತುಂಬಬೇಕಲ್ಲ, ಒಂದಕ್ಕೇ ಯಾಕೆ? ಅದೂ ಬಲಗೈಗೇ ಯಾಕೆ? ಅಕ್ಕನ ಪೈಪು ಇದ್ದದ್ದು ಕುತ್ತಿಗೆಯ ಬಲಬದಿಯಲ್ಲಿ. ಮತ್ತೆ ನಿದ್ದೆ ಬರಲಿಲ್ಲ.

ಆ ಪೈಪಿನ ಕಥೆಯಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಕ್ಕನಿಗೆ ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ. ಅದು ಸದ್ದಿಲ್ಲದೆ ಮೂತ್ರಪಿಂಡಗಳನ್ನು ತಿಂದು ಹಾಕಿತ್ತು. ಆ ವರ್ಷ ಫೆಬ್ರವರಿಯಲ್ಲಿ ಮಂಗಳೂರಿನ ವೈದ್ಯರು, "ಕೆಲವು ತಿಂಗಳಲ್ಲಿ ಡಯಾಲಿಸಿಸ್ ಬೇಕಾಗಬಹುದು. ಈಗಲೇ ಎಡಗೈಯಲ್ಲಿ ಫಿಸ್ಟುಲಾ ಮಾಡಿಸಿ ಇಡಿ" ಎಂದಿದ್ದರು. ಫಿಸ್ಟುಲಾ ಎಂದರೆ ಕೈಯ ಒಂದು ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದು ಸೇರಿಸುವುದು. ಅಪಧಮನಿಯ ರಭಸದ ರಕ್ತ ನುಗ್ಗಿ ನುಗ್ಗಿ ಅಭಿಧಮನಿ ಹಿಗ್ಗಿ ಗಟ್ಟಿಯಾಗುತ್ತದೆ. ಆಮೇಲೆ ಅದಕ್ಕೇ ದಪ್ಪ ಸೂಜಿ ಚುಚ್ಚಿ ಡಯಾಲಿಸಿಸ್ ಮಾಡಬಹುದು. ಆದರೆ ಅದು ಪಕ್ವವಾಗಲು ಆರು ವಾರದಿಂದ ಮೂರು ತಿಂಗಳು ಬೇಕು. ಅವಸರಕ್ಕೆ ಆಗುವ ಕೆಲಸವಲ್ಲ.

ಮೇ ತಿಂಗಳಲ್ಲಿ ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. "ಕೈ ಕೊಯ್ಯಿಸಿಕೊಂಡು ಮದುವೆಮನೆಯಲ್ಲಿ ಓಡಾಡುವುದು ಹೇಗೆ?" ಎಂದು ಅಕ್ಕ ಕೇಳಿದಾಗ, ನೆಂಟರಿಷ್ಟರೆಲ್ಲ ನನ್ನ ಮುಖ ನೋಡಿದರು. "ಮದುವೆ ಮುಗಿಯಲಿ, ಆಮೇಲೆ ಮಾಡಿಸಿದರಾಯಿತು" ಎಂದವನು ನಾನು. ಮೇಷ್ಟ್ರು ಹೇಳಿದ ಮೇಲೆ ಸರಿಯೇ ಇರಬೇಕು ಎಂದು ಎಲ್ಲರೂ ಒಪ್ಪಿದರು. ಮದುವೆ ಚೆನ್ನಾಗಿಯೇ ಆಯಿತು. ಜೂನ್ ಮೊದಲ ವಾರ, ಜಡಿಮಳೆಯ ಒಂದು ರಾತ್ರಿ, ಅಕ್ಕನಿಗೆ ಮಲಗಲಾಗದಷ್ಟು ಉಬ್ಬಸ. ಪುಂಜಾಲಕಟ್ಟೆ, ಬಂಟ್ವಾಳ ದಾಟಿ ಮಂಗಳೂರಿಗೆ ಸುಮಾರು 60 ಕಿಲೋಮೀಟರ್ ಆಂಬುಲೆನ್ಸಿನಲ್ಲಿ. ಬೆಳಗಾಗುವಾಗ ಅವಳ ಕುತ್ತಿಗೆಯಲ್ಲಿ ಪೈಪು ಇತ್ತು. ವಾರದ ಬಳಿಕ ಅದನ್ನು ತೆಗೆದು, ಚರ್ಮದಡಿಯಲ್ಲಿ ಸುರಂಗ ಮಾಡಿ ಎದೆಯ ಮೇಲೆ ಹೊರಬರುವ, ಹೆಚ್ಚು ದಿನ ಬಾಳುವ ಇನ್ನೊಂದನ್ನು ಹಾಕಿದರು. ಜುಲೈಯಲ್ಲಿ ಎಡ ಮಣಿಕಟ್ಟಿನಲ್ಲಿ ಮಾಡಿದ ಫಿಸ್ಟುಲಾ ಕೂಡಿಬರಲಿಲ್ಲ. ಸಕ್ಕರೆ ಕಾಯಿಲೆಯವರ ಸಪೂರ ನಾಳಗಳಲ್ಲಿ ಹಾಗಾಗುವುದುಂಟು. ಸೆಪ್ಟೆಂಬರಿನಲ್ಲಿ ಮೊಣಕೈಯ ಬಳಿ ಎರಡನೆಯದನ್ನು ಮಾಡಿದರು. ಅದು ಹಣ್ಣಾಗುವ ತನಕ ಕುತ್ತಿಗೆಯ ಪೈಪೇ ಗತಿ.

ಪೈಪು ಎಂದರೆ ಕ್ಯಾಥೆಟರ್. ಕುತ್ತಿಗೆಯ ದೊಡ್ಡ ಅಭಿಧಮನಿಯಿಂದ ಇಳಿದು ಅದರ ತುದಿ ಹೃದಯದ ಹೊಸ್ತಿಲಿನಲ್ಲಿ ನಿಲ್ಲುತ್ತದೆ. ಹೀಗೆ ಹೃದಯದ ತನಕ ನಳಿಗೆ ಕಳುಹಿಸಿದರೆ ಮನುಷ್ಯ ಬದುಕುತ್ತಾನೆ ಎಂದು ಮೊದಲು ತೋರಿಸಿದವನು ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿದ್ದ ಎಳೆಯ ವೈದ್ಯ ವೆರ್ನರ್ ಫೋರ್ಸ್‌ಮನ್. 1929ರಲ್ಲಿ ಅವನು ತನ್ನ ಎಡಗೈಯ ನಾಳವನ್ನೇ ಕೊಯ್ದು, ಮೂತ್ರನಾಳಕ್ಕೆ ಬಳಸುವ ನಳಿಗೆಯೊಂದನ್ನು 65 ಸೆಂಟಿಮೀಟರಿನಷ್ಟು ಒಳಗೆ ತೂರಿಸಿ, ಹಾಗೆಯೇ ನಡೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ. ಮೇಲಿನವರಿಂದ ಬೈಗುಳ ತಿಂದ. 1956ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಪಡೆದ. ಇದನ್ನು ಅಕ್ಕನಿಗೆ ಹೇಳಿದಾಗ, "ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲವಾ?" ಎಂದು ಕೇಳಿದಳು.

ಬಳೆಯ ವಿಚಾರಕ್ಕೆ ಬರುತ್ತೇನೆ. ನಾನು ಫೋನಿನಲ್ಲಿ ಹೇಳಿದ ಮಾತನ್ನೇ ಹತ್ತಿರದ ಕ್ಲಿನಿಕ್ಕಿನವರೂ ಹೇಳಿದ್ದರಂತೆ. ಬಲಮಗ್ಗುಲಲ್ಲಿ ಮಲಗಬೇಡಿ ಎಂದು ಹೇಳಿ ಮಾತ್ರೆ ಕೊಟ್ಟಿದ್ದರು. ಐದು ದಿನ ಹಾಗೆ ಹೋಯಿತು. ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ಅದು ಸರಿಯಲ್ಲವೆಂದು ಮೊದಲು ಹೇಳಿದವನು ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವ ಹುಡುಗ. ತಾಲೂಕು ಕೇಂದ್ರದಲ್ಲಿಯೇ ಡಯಾಲಿಸಿಸ್ ಸಿಗುವಂತಾದದ್ದು ನಮ್ಮ ಕಡೆಯವರಿಗೆ ಎಂತಹ ಉಪಕಾರ ಎಂಬುದು ವಾರಕ್ಕೆ ಮೂರು ಸಲ ಮಂಗಳೂರಿಗೆ ಹೋಗಿಬಂದವರಿಗೆ ಗೊತ್ತು. ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಕೇಂದ್ರ ಸರಕಾರ ಪ್ರಕಟಿಸಿದ್ದು 2016ರಲ್ಲಿ. ಅದಕ್ಕೂ ಹಿಂದೆ ಹಳ್ಳಿಯ ಎಷ್ಟೋ ಮಂದಿ ಬಸ್ಸಿನ ಖರ್ಚಿಗೇ ಸೋತು ಮನೆಯಲ್ಲಿ ಮಲಗಿದವರು.

ಆ ಹುಡುಗ ನೋಡಿದ್ದು ಯಂತ್ರವನ್ನು. ಮೊದಲೆಲ್ಲ ನಿಮಿಷಕ್ಕೆ 300 ಮಿಲಿಲೀಟರ್ ರಕ್ತ ಎಳೆಯುತ್ತಿದ್ದ ಪೈಪು 180ಕ್ಕೆ ಇಳಿದಿತ್ತು. ಅದಕ್ಕೂ ಯಂತ್ರ ಕೂಗಿಕೊಳ್ಳುತ್ತಿತ್ತು. ಆಮೇಲೆ ಅವನು ನೋಡಿದ್ದು ಕೈಯನ್ನು. "ಅಮ್ಮಾ, ಈ ಕೈ ನನಗೆ ಸರಿ ಕಾಣುವುದಿಲ್ಲ. ಪೈಪಿನ ಸುತ್ತ ಹೆಪ್ಪು ಕಟ್ಟಿದೆಯೋ ಏನೋ. ದೊಡ್ಡ ಡಾಕ್ಟರಿಗೆ ತೋರಿಸಿ" ಎಂದನಂತೆ. ಮರುದಿನ ನಾನು ವೇಣೂರು, ಗುರುವಾಯನಕೆರೆ ದಾರಿಯಾಗಿ ಬಸ್ಸು ಹಿಡಿದು ಹೋದೆ. ಅಕ್ಕ ಸೆರಗು ಸರಿಸಿ ತೋರಿಸಿದಳು. ಬಲ ಹೆಗಲಿನಿಂದ ಎದೆಯ ಮೇಲ್ಭಾಗದ ತನಕ ನೀಲಿ ನಾಳಗಳು ಮರದ ಬೇರಿನ ಹಾಗೆ ಎದ್ದಿದ್ದವು. "ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಬೇರೆ ಯಾರದ್ದೋ ಮುಖ" ಎಂದಳು.

ಬೆಳ್ತಂಗಡಿಯ ಅಕ್ಕಸಾಲಿಗರೊಬ್ಬರು ಬಳೆಯನ್ನು ಕತ್ತರಿಸಿ ಕೊಟ್ಟರು. ಅಮ್ಮ ಮದುವೆಗೆ ಹಾಕಿದ್ದ ಬಳೆ. ಅಕ್ಕ ಆಚೆ ನೋಡುತ್ತಾ ಕೂತಿದ್ದಳು. ನಾಲ್ಕು ತಿಂಗಳಲ್ಲಿ ಎಷ್ಟು ಸಲ ಸೂಜಿ ಚುಚ್ಚಿಸಿಕೊಂಡರೂ ಅಳದವಳು ಅಂದು ಅತ್ತಳು.

ಹೆಪ್ಪು ಎಂಬ ಶಬ್ದವೇ ವಿಚಿತ್ರ. ಅಕ್ಕ ನಲವತ್ತು ವರ್ಷಗಳಿಂದ ದಿನಾ ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗಿದವಳು. ಅಡುಗೆಮನೆಯ ಆ ಮಾತು ಈಗ ಅವಳ ಎದೆಗೂಡಿನೊಳಗೆ ಬಂದು ಕೂತಿತ್ತು. ರಕ್ತ ನಾಳದೊಳಗೇ ಹೆಪ್ಪುಗಟ್ಟಲು ಮೂರು ಕಾರಣಗಳನ್ನು ವೈದ್ಯಶಾಸ್ತ್ರದಲ್ಲಿ ಹೇಳುತ್ತಾರೆ. ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಗಾಯವಾಗುವುದು, ರಕ್ತದ ಗುಣವೇ ಬದಲಾಗುವುದು. ಜರ್ಮನಿಯ ರುಡಾಲ್ಫ್ ವಿರ್ಕೋನ ಹೆಸರಿನಲ್ಲಿ ನಿಂತಿರುವ ಈ ತ್ರಿಸೂತ್ರಕ್ಕೆ ನೂರೈವತ್ತು ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ. ಕ್ಯಾಥೆಟರ್ ಇದ್ದಲ್ಲಿ ಮೂರೂ ಒಟ್ಟಿಗೆ ಸೇರುತ್ತವೆ. ನಳಿಗೆ ಜಾಗ ಹಿಡಿದು ಹರಿವನ್ನು ತಡೆಯುತ್ತದೆ, ಗೋಡೆಗೆ ಉಜ್ಜುತ್ತದೆ. ಮೂತ್ರಪಿಂಡ ಸೋತವರ ರಕ್ತವಂತೂ ಮೊದಲೇ ಹದ ತಪ್ಪಿರುತ್ತದೆ. ಇದನ್ನು ಮಂಗಳೂರಿನ ವೈದ್ಯರು ವಿವರಿಸಿದಾಗ ಭಾವ ತಲೆಯಾಡಿಸಿ, "ನಮ್ಮ ಕಿಂಡಿ ಅಣೆಕಟ್ಟಿನ ಹಾಗೆ. ಹಲಗೆ ತೆಗೆದರೂ ಕಂಬ ಇರುತ್ತದಲ್ಲ, ಅದಕ್ಕೆ ಕಸ ಕಟ್ಟುವುದು" ಎಂದರು. 2019ರ ಆಗಸ್ಟ್ ನೆರೆಯಲ್ಲಿ ಚಾರ್ಮಾಡಿ ಬುಡದ ಊರುಗಳಲ್ಲಿ ಮರದ ದಿಮ್ಮಿಗಳು ಬಂದು ಅಂಥ ಕಟ್ಟಗಳಿಗೆ ಸಿಕ್ಕಿಕೊಂಡದ್ದನ್ನು ಕಣ್ಣಾರೆ ಕಂಡವರು ಅವರು. ವೈದ್ಯರು ನಕ್ಕು, "ನಾನು ಇನ್ನು ಹಾಗೆಯೇ ಹೇಳುತ್ತೇನೆ" ಎಂದರು.

ಆದರೆ ಕಸ ಕಟ್ಟಿದೆಯೇ, ಕಟ್ಟಿದ್ದರೆ ಎಲ್ಲಿ, ಎಷ್ಟು? ಮೊದಲು ಮಾಡಿದ್ದು ಡಾಪ್ಲರ್ ಪರೀಕ್ಷೆ. ತಣ್ಣನೆಯ ಲೋಳೆ ಹಚ್ಚಿ, ಶಬ್ದದ ಅಲೆ ಬಿಟ್ಟು, ರಕ್ತ ಹರಿಯುವುದನ್ನು ನೋಡುವ ಪರೀಕ್ಷೆ. ನೋವಿಲ್ಲ, ವಿಕಿರಣವಿಲ್ಲ, ಖರ್ಚೂ ಕಡಿಮೆ. ಇಂಥ ಸಂಶಯಕ್ಕೆ ಮೊದಲು ಮಾಡಬೇಕಾದದ್ದು ಇದನ್ನೇ. ಕೈಯ ನಾಳಗಳು ಚೆನ್ನಾಗಿ ಕಂಡವು. ಕಂಕುಳಿನ ಬಳಿ ಹರಿವು ಮಂದವಾಗಿತ್ತು. ಅಲ್ಲಿಂದ ಮುಂದೆ ಕೊರಳೆಲುಬು ಅಡ್ಡ ಬಂತು. ಶಬ್ದ ಎಲುಬನ್ನು ದಾಟುವುದಿಲ್ಲ. ಎದೆಮೂಳೆಯ ಹಿಂದೆ, ಎರಡೂ ಕಡೆಯ ನಾಳಗಳು ಸೇರಿ ಹೃದಯಕ್ಕಿಳಿಯುವ ಜಾಗದಲ್ಲಿ, ಡಾಪ್ಲರಿಗೆ ಕಣ್ಣೇ ಇಲ್ಲ. ನಮಗೆ ಬೇಕಾದದ್ದು ಅಲ್ಲಿಯ ಸುದ್ದಿ. "ಸಿ.ಟಿ. ಮಾಡಬೇಕು, ಬಣ್ಣ ಕೊಟ್ಟು" ಎಂದರು ವೈದ್ಯರು.

ಜಗಳ ಶುರುವಾದದ್ದು ಇಲ್ಲಿ. ಅಕ್ಕನ ಮಗ, ನನ್ನ ಅಳಿಯ, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಮನೆ ಮಾಡಿಕೊಂಡಿದ್ದಾನೆ. ಆ ರಾತ್ರಿ ನಾವೆಲ್ಲ ಅಲ್ಲೇ ಉಳಿದಿದ್ದೆವು. "ಮಾವ, ಆ ಬಣ್ಣ ಕಿಡ್ನಿಗೆ ಆಗುವುದಿಲ್ಲ. ಇರುವ ಚೂರನ್ನೂ ಹಾಳುಮಾಡಿದರೆ?" ಎಂದು ಅವನು ಮೊಬೈಲು ಹಿಡಿದು ನಿಂತ. "ಇನ್ನು ಹಾಳಾಗಲು ಎಂತ ಉಂಟು?" ಎಂದ ನನ್ನ ಮಾತು ಕ್ರೂರವಾಗಿತ್ತು. ತಪ್ಪೂ ಆಗಿತ್ತು. ಅಕ್ಕನಿಗೆ ಆಗಲೂ ದಿನಕ್ಕೆ ಸುಮಾರು ಅರ್ಧ ಲೀಟರ್ ಮೂತ್ರ ಹೋಗುತ್ತಿತ್ತು. ಆರೋಗ್ಯವಂತರಿಗೆ ಇದರ ಬೆಲೆ ತಿಳಿಯದು. ಡಯಾಲಿಸಿಸ್‌ನವರಿಗೆ ಕುಡಿಯುವ ನೀರನ್ನು ಅಳೆದು ಕೊಡುತ್ತಾರೆ. ಗಂಜಿಯ ತಿಳಿ, ಚಾ, ಮಜ್ಜಿಗೆ ಎಲ್ಲವೂ ಆ ಲೆಕ್ಕದಲ್ಲೇ. ಅರ್ಧ ಲೀಟರ್ ಹೊರಹೋದರೆ ಅಷ್ಟು ಹೆಚ್ಚು ಕುಡಿಯಬಹುದು. ಅಂಗಳದಲ್ಲಿ ಬಾವಿ, ತೋಟದ ಆಚೆ ಹೊಳೆ ಇಟ್ಟುಕೊಂಡು ನೀರಿಗೆ ಬಾಯಾರುವವಳಿಗೆ ಅದು ಎರಡು ಲೋಟಗಳ ಸ್ವಾತಂತ್ರ್ಯ. ಅಳಿಯ ಹೇಳಿದ್ದರಲ್ಲಿ ಹುರುಳಿತ್ತು.

ಮರುದಿನ ವೈದ್ಯರ ಎದುರು ಅವನು ಎಲ್ಲವನ್ನೂ ಕೇಳಿದ. ಎಂ.ಆರ್.ಐ. ಆಗದೇ? ಅದರ ಬಣ್ಣದ ಔಷಧಿಯಲ್ಲಿ ಗ್ಯಾಡೋಲಿನಿಯಂ ಇರುತ್ತದೆ, ಮೂತ್ರಪಿಂಡ ಕೆಟ್ಟವರಲ್ಲಿ ಅದರ ಕೆಲವು ಬಗೆಗಳು ಚರ್ಮವನ್ನು ಬಿರುಸು ಮಾಡುವ ಕೆಟ್ಟ ಕಾಯಿಲೆ ತಂದದ್ದುಂಟು, ಅದಕ್ಕೂ ಎಚ್ಚರಿಕೆ ಬೇಕು. ಸ್ಕ್ಯಾನ್ ಇಲ್ಲದೆಯೇ ರಕ್ತ ತೆಳುಮಾಡುವ ಔಷಧಿ ಕೊಡಬಾರದೇ? ಕೊಡಬಹುದು, ಆದರೆ ಡಯಾಲಿಸಿಸ್ ರೋಗಿಗಳಿಗೆ ರಕ್ತಸ್ರಾವದ ಭಯ ಹೆಚ್ಚು. ಹೆಪ್ಪು ಇಲ್ಲದೆ ಬರೇ ನಾಳ ಕಿರಿದಾಗಿದ್ದರೆ ಆ ಔಷಧಿಯಿಂದ ಲಾಭವಿಲ್ಲ, ಅಪಾಯ ಮಾತ್ರ. ಪೈಪು ಕಿತ್ತುಬಿಟ್ಟರೆ? ನಾಳಿದ್ದು ಡಯಾಲಿಸಿಸ್ ಎಲ್ಲಿಂದ ಮಾಡುವುದು? ಬೇರೆ ಕಡೆ ಹಾಕಬೇಕಾದರೂ ಯಾವ ದಾರಿ ತೆರೆದಿದೆ ಎಂದು ತಿಳಿಯಬೇಡವೇ? ಬಣ್ಣದಿಂದ ಉಳಿದ ಮೂತ್ರಕ್ಕೆ ಪೆಟ್ಟು ಬೀಳುವ ಸಾಧ್ಯತೆ ಇಲ್ಲವೆಂದು ಅವರು ಹೇಳಲಿಲ್ಲ. ಆದಷ್ಟು ಕಡಿಮೆ ಬಣ್ಣ ಬಳಸುತ್ತೇವೆ ಎಂದರು. ಕೊನೆಗೆ ತೀರ್ಮಾನಿಸಿದ್ದು ಅಕ್ಕನೇ. "ನನ್ನ ಎದೆಯೊಳಗೆ ಎಂತ ಉಂಟು ಅಂತ ನನಗೆ ಗೊತ್ತಾಗಬೇಕು. ಒಂದು ಲೋಟ ನೀರು ಕಡಿಮೆಯಾದರೆ ಆಗಲಿ" ಎಂದಳು.

ಸಿ.ಟಿ. ಎಂದರೇನೆಂದು ಭಾವನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಮಾಡಿಸುತ್ತಿದ್ದ ಆಟವೊಂದಿದೆ. ಒಂದೇ ಕಡೆ ನಿಂತು ಕಂಬಗಳನ್ನು ಎಣಿಸಲು ಹೇಳುವುದು. ಆಗುವುದಿಲ್ಲ. ಒಂದರ ಹಿಂದೆ ಒಂದು ಅಡಗಿರುತ್ತದೆ. ಸುತ್ತ ನಡೆದರೆ ಮಾತ್ರ ಅಡಗಿದ್ದು ಹೊರಗೆ ಬರುತ್ತದೆ. ಎಕ್ಸ್‌ರೇ ಒಂದೇ ಕಡೆ ನಿಂತವನ ನೋಟ, ಸಿ.ಟಿ. ಸುತ್ತು ಬಂದವನ ನೋಟ. ಯಂತ್ರ ಮೈಸುತ್ತ ತಿರುಗುತ್ತಾ ನೂರಾರು ದಿಕ್ಕುಗಳಿಂದ ಎಕ್ಸ್‌ರೇ ಹಾಯಿಸುತ್ತದೆ. ಆ ಲೆಕ್ಕವನ್ನೆಲ್ಲ ಕಂಪ್ಯೂಟರು ಸೇರಿಸಿ ದೇಹವನ್ನು ಬಾಳೆದಿಂಡು ಹೆಚ್ಚಿದಂತೆ ಬಿಲ್ಲೆ ಬಿಲ್ಲೆಯಾಗಿ ತೋರಿಸುತ್ತದೆ.

ಇದನ್ನು ಸಾಧ್ಯಮಾಡಿದ ಇಂಗ್ಲೆಂಡಿನ ಇಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಕೆಲಸಮಾಡುತ್ತಿದ್ದದ್ದು ಇ.ಎಂ.ಐ. ಕಂಪೆನಿಯಲ್ಲಿ. ನಾಯಿ ಕೂತು ಹಾಡು ಕೇಳುವ ಚಿತ್ರದ ಎಚ್.ಎಂ.ವಿ. ತಟ್ಟೆಗಳ ಕಂಪೆನಿ! ಲಂಡನ್ನಿನ ಆಟ್ಕಿನ್‌ಸನ್ ಮೋರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ತಲೆಯನ್ನು ಅದರಲ್ಲಿ ನೋಡಿದರು. ಒಂದೊಂದು ಬಿಲ್ಲೆಗೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಚಿತ್ರವೋ, ಅಡ್ಡಕ್ಕೆ 80, ಉದ್ದಕ್ಕೆ 80 ಚೌಕಗಳು ಅಷ್ಟೇ, ಹೆಣೆದ ಚಾಪೆಯ ಹಾಗೆ. ಹೌನ್ಸ್‌ಫೀಲ್ಡ್ ಮತ್ತು ಇದರ ಗಣಿತವನ್ನು ಬೇರೆಯಾಗಿಯೇ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ಇಬ್ಬರಿಗೂ 1979ರಲ್ಲಿ ನೊಬೆಲ್ ಬಂತು. ಭಾವನ ಮನೆಯ ಅಟ್ಟದಲ್ಲಿ ಈಗಲೂ ಆ ನಾಯಿಯ ತಟ್ಟೆಗಳು ಒಂದು ಪೆಟ್ಟಿಗೆ ಇವೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಕೂತಿದ್ದ ಅವರಿಗೆ ಇದು ಹೇಗೋ ಸಮಾಧಾನ ತಂದಿತು.

ಸೂಜಿ ಚುಚ್ಚುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಎಡಗೈಯಲ್ಲಿ ಫಿಸ್ಟುಲಾ ಹಣ್ಣಾಗುತ್ತಿತ್ತು, ಅದನ್ನು ಮುಟ್ಟುವಂತಿಲ್ಲ. ಬಲಗೈ ಊದಿತ್ತು. ಕಡೆಗೆ ಹಿರಿಯ ನರ್ಸ್ ಒಬ್ಬರು ಬಲ ಅಂಗೈ ಹಿಂಬದಿಯಲ್ಲಿ ಒಂದು ನಾಳ ಹುಡುಕಿದರು. ಬಣ್ಣ ಎಂದರೆ ಕೆಂಪು, ನೀಲಿಯಲ್ಲ. ಅಯೋಡಿನ್ ಸೇರಿದ, ನೀರಿನಂತಹ ದ್ರವ. ಎಕ್ಸ್‌ರೇಯನ್ನು ಅದು ತಡೆಯುವುದರಿಂದ ರಕ್ತ ಹರಿಯುವ ದಾರಿ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಹೆಪ್ಪು ಇದ್ದಲ್ಲಿ ಬಣ್ಣ ನುಗ್ಗದೆ ಕಪ್ಪಾಗಿ ಉಳಿಯುತ್ತದೆ. ಮೈಯೆಲ್ಲ ಬಿಸಿಯಾಗುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ, ಮೂತ್ರ ಹೋದಂತೆ ಭಾಸವಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ಹೊರಗೆ ಬಂದ ಅಕ್ಕ ನನ್ನ ಕಿವಿಯಲ್ಲಿ, "ಸೀರೆ ಒದ್ದೆಯಾಗಿದೆಯಾ ನೋಡು" ಎಂದಳು. ಆಗಿರಲಿಲ್ಲ.

ಒಳಗೆ ನಡೆದದ್ದನ್ನು ಆ ವಿಭಾಗದ ವೈದ್ಯರು ನನಗೆ ಆಮೇಲೆ ಪರದೆಯ ಮೇಲೆ ತೋರಿಸಿದರು. ಮೇಷ್ಟ್ರು ಎಂದು ಗೊತ್ತಾದದ್ದರಿಂದ ಇರಬೇಕು. ಮೊದಲ ಸುತ್ತಿನ ಚಿತ್ರದಲ್ಲಿ ಎದೆಮೂಳೆಯ ಹಿಂದೆ, ಬಲ ಮತ್ತು ಎಡ ನಾಳಗಳು ಸೇರುವಲ್ಲಿ, ದೊಡ್ಡದೊಂದು ಕಪ್ಪು ಮಚ್ಚೆ. ನನ್ನ ಎದೆ ಧಸಕ್ಕೆಂದಿತು. "ಇದನ್ನು ನೋಡಿಯೇ ಬರೆದುಬಿಟ್ಟರೆ ತಪ್ಪಾಗುತ್ತದೆ" ಎಂದರು ಅವರು. ಬಣ್ಣ ಬರುವುದು ಬಲಗೈಯಿಂದ ಮಾತ್ರ. ಎಡಗೈಯಿಂದ, ತಲೆಯಿಂದ ಇಳಿಯುವ ರಕ್ತದಲ್ಲಿ ಆಗಿನ್ನೂ ಬಣ್ಣವಿಲ್ಲ. ಎರಡೂ ಕೂಡುವಲ್ಲಿ ಬಣ್ಣವಿಲ್ಲದ ರಕ್ತವೂ ಹೆಪ್ಪಿನ ಹಾಗೆಯೇ ಕಪ್ಪಾಗಿ ಕಾಣುತ್ತದೆ. ಮಳೆಗಾಲದಲ್ಲಿ ಕೆಂಪು ಹೊಳೆಯೂ ತಿಳಿ ತೋಡೂ ಕೂಡುವಲ್ಲಿ ಸ್ವಲ್ಪ ದೂರ ಎರಡು ಬಣ್ಣ ಬೇರೆಬೇರೆಯಾಗಿಯೇ ಹರಿಯುವುದನ್ನು ನಾವೆಲ್ಲ ನೋಡಿದ್ದೇವಲ್ಲ, ಹಾಗೆ. ಅದಕ್ಕಾಗಿ ಅವರು ಸ್ವಲ್ಪ ಕಾದು, ಬಣ್ಣ ಮೈಯೆಲ್ಲ ಸುತ್ತಿ ಎಲ್ಲ ನಾಳಗಳಿಗೂ ಬಂದ ಮೇಲೆ ಎರಡನೆಯ ಸಲ ಚಿತ್ರ ತೆಗೆದಿದ್ದರು.

ಎರಡನೆಯ ಚಿತ್ರದಲ್ಲಿ ಆ ದೊಡ್ಡ ಮಚ್ಚೆ ಮಾಯವಾಗಿತ್ತು. ನಾನು ಉಸಿರುಬಿಡುವಷ್ಟರಲ್ಲಿ ಅವರ ಬೆರಳು ಬೇರೆಡೆಗೆ ಸರಿಯಿತು. ಕೊರಳೆಲುಬಿನ ಕೆಳಗೆ, ಬಲಗೈಯಿಂದ ಬರುವ ನಾಳದಲ್ಲಿ, ಇನ್ನೊಂದು ಕಪ್ಪು ಇತ್ತು. ಅದು ಎರಡೂ ಚಿತ್ರಗಳಲ್ಲಿಯೂ ಇತ್ತು. ಅಲ್ಲಿಂದ ಪೈಪನ್ನು ಅಪ್ಪಿಕೊಂಡು ಕೆಳಗೆ ಸ್ವಲ್ಪ ದೂರ ತೆಳ್ಳಗೆ ಇಳಿದಿತ್ತು. ಇದು ಹೆಪ್ಪು. ಮುಚ್ಚಿದ ದಾರಿಯನ್ನು ಬಿಟ್ಟು ರಕ್ತ ಹೆಗಲು, ಎದೆಯ ಸಣ್ಣ ಸಣ್ಣ ನಾಳಗಳಲ್ಲಿ ಸುತ್ತಿ ಬಳಸಿ ಹೋಗುತ್ತಿತ್ತು. ಬೇರಿನ ಹಾಗೆ ಕಂಡದ್ದು ಅವೇ. 1974ರ ನೆರೆಯಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಮುಳುಗಿದಾಗ ಜನರು ಗುಡ್ಡದ ಕಾಲುದಾರಿಗಳಲ್ಲಿ ಸುತ್ತಿ ಬಂದದ್ದನ್ನು ಅಪ್ಪ ಹೇಳುತ್ತಿದ್ದರು. ನನಗೆ ನೆನಪಾದದ್ದು ಅದು. ಶ್ವಾಸಕೋಶದ ದೊಡ್ಡ ಕವಲುಗಳಲ್ಲಿ ಏನೂ ಇರಲಿಲ್ಲ. ಹೆಪ್ಪಿನ ತುಂಡು ಕಳಚಿ ಅಲ್ಲಿಗೆ ಹೋಗುವುದೇ ಎಲ್ಲರೂ ಹೆದರುವ ಸಂಗತಿ.

ಒಂದು ಮಾತು ಇಲ್ಲಿ ಹೇಳಬೇಕು. ಈ ಕಥೆ ಕೇಳಿದ ನಮ್ಮ ನೆಂಟರಲ್ಲಿ ಇಬ್ಬರು, ಯಾವುದಕ್ಕೂ ಇರಲಿ ಎಂದು ತಾವಾಗಿಯೇ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ 'ಫುಲ್ ಬಾಡಿ' ಕೇಳಿದ್ದಾರೆ! ಎದೆಯ ಒಂದು ಸಿ.ಟಿ.ಯಲ್ಲಿ ಐವತ್ತಕ್ಕೂ ಹೆಚ್ಚು ಎದೆ ಎಕ್ಸ್‌ರೇಗಳಷ್ಟು ವಿಕಿರಣ ಇರುತ್ತದೆ. ಅಗತ್ಯವಿದ್ದವರಿಗೆ ಅದು ದೊಡ್ಡದಲ್ಲ, ಕುತೂಹಲಕ್ಕೆ ತೆಗೆಸಿಕೊಳ್ಳುವಷ್ಟು ಚಿಕ್ಕದೂ ಅಲ್ಲ. ಅಕ್ಕನಿಗೂ ಡಾಪ್ಲರ್ ಸೋತ ಮೇಲೆಯೇ ಇದನ್ನು ಮಾಡಿದ್ದು.

ಪೈಪು ತೆಗೆಯಲಿಲ್ಲ. ಹೆಪ್ಪು ಕಂಡರೆ ಕೂಡಲೇ ಕಿತ್ತು ಬಿಸಾಡುವುದು ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲ. ಸೋಂಕಿಲ್ಲದಿದ್ದರೆ, ಹೇಗೋ ಕೆಲಸ ನಡೆಸುತ್ತಿದ್ದರೆ, ಬೇರೆ ದಾರಿ ಇಲ್ಲದಿದ್ದರೆ ಅದನ್ನು ಇಟ್ಟುಕೊಂಡೇ ಚಿಕಿತ್ಸೆ ಮಾಡುತ್ತಾರೆ. ಮೊದಲು ಹೆಪಾರಿನ್, ಜೊತೆಗೆ ವಾರ್ಫರಿನ್ ಮಾತ್ರೆ, ಕಡಿಮೆಯೆಂದರೆ ಮೂರು ತಿಂಗಳು. ನಾಲ್ಕಾರು ವಾರಗಳಲ್ಲಿ ಕೈ ಇಳಿಯಿತು.

ವಾರ್ಫರಿನ್ನಿನ ಕಥೆಯನ್ನು ಹಟ್ಟಿಯಲ್ಲಿ ದನ ಇರುವ ಅಕ್ಕನಿಗೆ ಹೇಳದೆ ಇರಲಾಗಲಿಲ್ಲ. ಅಮೆರಿಕ, ಕೆನಡಾಗಳಲ್ಲಿ 1920ರ ದಶಕದಲ್ಲಿ ಬೂಸಲು ಹಿಡಿದ ಒಂದು ಬಗೆಯ ಹುಲ್ಲು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮ ಬೀಳುತ್ತಿರುವಾಗ ಸತ್ತ ಕಡಸು, ಒಂದು ಡಬ್ಬಿ ಹೆಪ್ಪುಗಟ್ಟದ ರಕ್ತ, ಒಂದಿಷ್ಟು ಹುಲ್ಲು ಹೇರಿಕೊಂಡು ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯಕ್ಕೆ ಬಂದ. ಆ ಹುಲ್ಲಿನಲ್ಲಿದ್ದ ವಸ್ತುವನ್ನು ಹಿಡಿಯಲು ಲಿಂಕ್‌ನ ಬಳಗಕ್ಕೆ ಆರೇಳು ವರ್ಷ ಬೇಕಾಯಿತು. ಅದರ ಜಾತಿಯದೇ ಆದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಪೇಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೃದಯಾಘಾತವಾದಾಗ ಅದನ್ನೇ ತೆಗೆದುಕೊಂಡರು. "ಅಡಿಕೆ ಕೋಣೆಗೆ ನಾನು ಇಡುವುದನ್ನೇ ಇವಳಿಗೆ ಕೊಡುವುದಾ?" ಎಂದು ಭಾವ ಗಾಬರಿಯಾದರು. "ಪಾಪ, ಆ ಕಡಸು" ಎಂದಳು ಅಕ್ಕ.

ಅವಳಿಗೆ ನಿಜವಾದ ಕಷ್ಟವಾದದ್ದು ಬಸಳೆಯದು. ಸೊಪ್ಪುಗಳಲ್ಲಿರುವ ಕೆ ಜೀವಸತ್ವ ವಾರ್ಫರಿನ್ನಿಗೆ ಎದುರಾಳಿ. ಒಂದು ವಾರ ಬಸಳೆ, ಹರಿವೆ, ನುಗ್ಗೆಸೊಪ್ಪು ಎಂದು ಉಂಡು, ಇನ್ನೊಂದು ವಾರ ಬಿಟ್ಟರೆ ರಕ್ತದ ಹದ ಏರಿಳಿಯುತ್ತದೆ. ಐ.ಎನ್.ಆರ್. ಎಂಬ ಪರೀಕ್ಷೆಯಲ್ಲಿ ಅಂಕಿ 2 ಮತ್ತು 3ರ ನಡುವೆ ಇರಬೇಕು. ಒಮ್ಮೆ 4 ದಾಟಿ ಹಲ್ಲುಜ್ಜುವಾಗ ರಕ್ತ ಬಂತು, ಇನ್ನೊಮ್ಮೆ 1.3ಕ್ಕೆ ಇಳಿಯಿತು. ವಿಚಾರಿಸಿದರೆ ತಂಗಿಯ ಮನೆಯ ಊಟದಲ್ಲಿ ಬಸಳೆ. ಸೊಪ್ಪು ಬಿಡಬೇಕಾಗಿಲ್ಲ, ಅಳತೆ ಒಂದೇ ಇರಬೇಕು ಎಂದು ವೈದ್ಯರು ಹೇಳಿದ್ದನ್ನು ಅಕ್ಕ ತನಗೆ ಬೇಕಾದಂತೆ ಅರ್ಥಮಾಡಿಕೊಂಡಿದ್ದಳು. ಪೊಟಾಸಿಯಂ ಇಳಿಯಲೆಂದು ಬೇಯಿಸಿದ ನೀರು ಚೆಲ್ಲಿ, ಉಪ್ಪು ಕಡಿಮೆ ಹಾಕಿ, ವಾರಕ್ಕೆ ಎರಡೇ ದಿನ ಎಂದು ಭಾವ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದರು.

ಮೂತ್ರದ ಮಾತು. ಸ್ಕ್ಯಾನ್ ಆದ ಮೊದಲ ವಾರ ಅದು ಕಡಿಮೆಯಾಯಿತು. ಅಳಿಯ ನನ್ನೊಡನೆ ಮಾತು ಬಿಟ್ಟ. ಮೂರನೆಯ ವಾರಕ್ಕೆ ಬಹುಮಟ್ಟಿಗೆ ಹಿಂದಿನಂತಾಯಿತು. ಬಣ್ಣದಿಂದಲೇ ಕಡಿಮೆಯಾಯಿತೋ, ಡಯಾಲಿಸಿಸ್ ಸರಿ ನಡೆಯದೆ ಹಾಗಾಯಿತೋ, ಯಾರೂ ಖಚಿತವಾಗಿ ಹೇಳಲಿಲ್ಲ.

ಡಿಸೆಂಬರಿನಲ್ಲಿ ಮೊಣಕೈಯ ಫಿಸ್ಟುಲಾಕ್ಕೆ ಮೊದಲ ಸೂಜಿ ಹಾಕಿದರು. ಜನವರಿಯಲ್ಲಿ, ಮಾತ್ರೆಗೆ ಎರಡು ದಿನ ಬಿಡುವು ಕೊಟ್ಟು, ಪೈಪು ತೆಗೆದರು. ಹತ್ತು ನಿಮಿಷದ ಕೆಲಸ. ಏಳು ತಿಂಗಳು ನಮ್ಮ ನಿದ್ದೆ ಕೆಡಿಸಿದ್ದು ತಟ್ಟೆಯಲ್ಲಿ ಬಿದ್ದಿತ್ತು, ಮಕ್ಕಳ ಆಟಿಕೆಯ ತುಂಡಿನ ಹಾಗೆ.

ಫೆಬ್ರವರಿಯಲ್ಲಿ ನಾನು ಹೋದಾಗ ಅಕ್ಕ ಹಟ್ಟಿಯಿಂದ ಬರುತ್ತಿದ್ದಳು. ಕೂತವಳೇ ಎಡಗೈ ಚಾಚಿ, "ಮುಟ್ಟಿ ನೋಡು" ಎಂದಳು. ಮೊಣಕೈಯ ಒಳಬದಿಯಲ್ಲಿ ಚರ್ಮದಡಿ ಗುಂಯ್ ಗುಂಯ್ ಎಂದು ಕಂಪಿಸುತ್ತಿತ್ತು, ಜೇನುಪೆಟ್ಟಿಗೆಗೆ ಕಿವಿಯಿಟ್ಟ ಹಾಗೆ. ಅದನ್ನು ಒಂದು ವರ್ಷ ಮೊದಲೇ ಮಾಡಿಸಬಹುದಿತ್ತು ಎಂದು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಬಲಗೈ ಬರಿದಾಗಿತ್ತು. ಕತ್ತರಿಸಿದ ಬಳೆ ಮಾತ್ರೆಗಳ ಡಬ್ಬಿಯಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು.

"ಬೆಸುಗೆ ಹಾಕಿಸುವುದಿಲ್ಲವಾ?" ಎಂದು ಕೇಳಿದೆ.

"ಹಾಕಿಸುವ. ಈಗ ಕೈ ಸಪೂರ ಆಗಿದೆ, ಬಳೆ ಜಾರಿ ಹಟ್ಟಿಯಲ್ಲಿ ಬಿದ್ದರೆ? ಇವತ್ತಿನ ಚಿನ್ನದ ರೇಟು ನೋಡಿದ್ದೀಯಾ ನೀನು?" ಎಂದು ಹೇಳಿ, ಹಾಲು ಕಾಯಿಸಲು ಎದ್ದು ಹೋದಳು.